ವಾಹನಗಳ ಹಿಂಬದಿ ದೀಪಗಳ ಮಸುಕು ನಿವಾರಣೆ ಮತ್ತು ಬಣ್ಣದ ಲೇಪನ: ವಾಹನ ಮಾಲೀಕರಿಗೆ ಮಾಹಿತಿ

ಪೀಠಿಕೆ

ಜರಗನಹಳ್ಳಿ, ಸಾರಕ್ಕಿ, ಯಲಚೇನಹಳ್ಳಿ ಹಾಗೂ ಜೆ.ಪಿ. ನಗರದ ಅಡ್ಡರಸ್ತೆಗಳಲ್ಲಿ ಬಹುತೇಕ ವಾಹನಗಳು ಮನೆಯ ಮುಂದೆಯೇ ಬಿಸಿಲು, ಮಳೆ ಮತ್ತು ಧೂಳಿಗೆ ಒಡ್ಡಿಕೊಂಡು ನಿಲ್ಲುತ್ತವೆ. ಕೆಲವು ವರ್ಷಗಳಲ್ಲಿ ಹಿಂಬದಿ ದೀಪದ ಹೊರಕವಚವು ಹೊಳಪು ಕಳೆದುಕೊಂಡು ಮಸುಕಾಗುತ್ತದೆ. ಇದನ್ನು ಕೆಲವರು ಉಜ್ಜಿ ತಿಳಿಗೊಳಿಸುತ್ತಾರೆ. ಮತ್ತೆ ಕೆಲವರು ಅಂದಕ್ಕಾಗಿ ಕಪ್ಪು ಫಿಲ್ಮ್ ಅಂಟಿಸುತ್ತಾರೆ ಅಥವಾ ಸ್ಪ್ರೇ ಬಣ್ಣ ಹಾಕುತ್ತಾರೆ. ಈ ಎರಡು ಕೆಲಸಗಳನ್ನೂ ಒಂದೇ ಬಗೆಯವೆಂದು ಭಾವಿಸಲಾಗುತ್ತಿದೆ. ವಾಸ್ತವವಾಗಿ ಮೊದಲನೆಯದು ದೀಪವನ್ನು ಅದರ ಮೂಲಸ್ಥಿತಿಗೆ ತರುವ ನಿರ್ವಹಣೆ. ಎರಡನೆಯದು ದೀಪದ ಬೆಳಕನ್ನು ತಡೆಯುವ ಮಾರ್ಪಾಡು. ನೋಂದಣಿ ನವೀಕರಣ ಅಥವಾ ಅರ್ಹತಾ ಪತ್ರಕ್ಕಾಗಿ ಅರ್ಜಿ ಸಲ್ಲಿಸುವವರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಹಿಂಬದಿ ದೀಪದ ಕಾರ್ಯಗಳು

ಒಂದೇ ಕವಚದೊಳಗೆ ಸಾಮಾನ್ಯವಾಗಿ ಈ ಕೆಳಗಿನ ಭಾಗಗಳಿರುತ್ತವೆ:

ಅ) ರಾತ್ರಿ ವೇಳೆ ವಾಹನದ ಇರವನ್ನು ತೋರಿಸುವ ಕೆಂಪು ದೀಪ.
ಆ) ಬ್ರೇಕ್ ಒತ್ತಿದಾಗ ಹೆಚ್ಚು ಪ್ರಖರವಾಗಿ ಬೆಳಗುವ ಕೆಂಪು ದೀಪ. ಹಳೆಯ ಮಾದರಿಯ ಬಲ್ಬುಗಳಲ್ಲಿ ಇವೆರಡಕ್ಕೂ ಒಂದೇ ಬಲ್ಬಿನಲ್ಲಿ 5 ವ್ಯಾಟ್ ಮತ್ತು 21 ವ್ಯಾಟ್‌ನ ಎರಡು ತಂತುಗಳಿರುತ್ತವೆ.
ಇ) ಹಳದಿಮಿಶ್ರಿತ ಕಿತ್ತಳೆ ಬಣ್ಣದ ಇಂಡಿಕೇಟರ್. ಇದು ನಿಮಿಷಕ್ಕೆ 60 ರಿಂದ 120 ಬಾರಿ ಮಿನುಗಬೇಕು.
ಈ) ಹಿಮ್ಮುಖ ಚಲನೆಯ ಬಿಳಿ ದೀಪ.
ಉ) ಕೆಂಪು ರಿಫ್ಲೆಕ್ಟರ್. ಇದಕ್ಕೆ ವಿದ್ಯುತ್ ಸಂಪರ್ಕವಿರುವುದಿಲ್ಲ. ಹಿಂದಿನಿಂದ ಬರುವ ವಾಹನದ ಬೆಳಕನ್ನೇ ಆ ವಾಹನದ ಕಡೆಗೆ ಹಿಂದಿರುಗಿಸುತ್ತದೆ. ದೀಪ ಆರಿಸಿ ರಸ್ತೆಬದಿಯಲ್ಲಿ ನಿಲ್ಲಿಸಿದ ವಾಹನಕ್ಕೆ ಕತ್ತಲಿನಲ್ಲಿ ಇದೊಂದೇ ರಕ್ಷಣೆ.

2. ಕಾನೂನಿನ ಉಪಬಂಧಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989 ರ ನಿಯಮ 102 ಸಂಕೇತ ದೀಪಗಳಿಗೆ, ನಿಯಮ 104 ರಿಫ್ಲೆಕ್ಟರುಗಳಿಗೆ ಹಾಗೂ ನಿಯಮ 105 ದೀಪಗಳಿಗೆ ಸಂಬಂಧಿಸಿರುತ್ತವೆ. ನಿಯಮ 105 ರ ಮೇರೆಗೆ ಹಿಂಬದಿಯ ಕೆಂಪು ಬೆಳಕು 155 ಮೀಟರ್ ದೂರದಿಂದ ಕಾಣುವಂತಿರತಕ್ಕದ್ದು.

ಮೋಟಾರು ವಾಹನಗಳ ಕಾಯ್ದೆ, 1988 ರ ಪ್ರಕರಣ 190(2) ರ ಪ್ರಕಾರ ರಸ್ತೆ ಸುರಕ್ಷತೆಯ ಮಾನದಂಡಗಳನ್ನು ಉಲ್ಲಂಘಿಸಿದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಅಪರಾಧವಾಗಿರುತ್ತದೆ. 2019 ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂ.ಗಳವರೆಗಿನ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದಾಗಿದ್ದು, ಚಾಲನಾ ಅನುಜ್ಞಾ ಪತ್ರ ಹೊಂದಲು ಮೂರು ತಿಂಗಳ ಅನರ್ಹತೆಯೂ ಉಂಟಾಗುತ್ತದೆ.

ಕಿಟಕಿ ಗಾಜುಗಳಿಗೆ ನಿಯಮ 100 ರಲ್ಲಿ ಶೇ. 70 ಮತ್ತು ಶೇ. 50 ರ ಬೆಳಕಿನ ಪ್ರಮಾಣ ನಿಗದಿಯಾಗಿರುವುದರಿಂದ, ದೀಪಕ್ಕೂ ಶೇ. 50 ರ ಫಿಲ್ಮ್ ಅಂಟಿಸಬಹುದೆಂದು ಕೆಲವರು ತಿಳಿದಿರುತ್ತಾರೆ. ಇದು ಸರಿಯಲ್ಲ. ಸದರಿ ನಿಯಮವು ಗಾಜಿಗೆ ಮಾತ್ರ ಸಂಬಂಧಿಸಿದ್ದು, ದೀಪಗಳಿಗೆ ಅನ್ವಯಿಸುವುದಿಲ್ಲ.

3. ಬಣ್ಣದ ಪದರದ ಪರಿಣಾಮ

ದೀಪದ ಬೆಳಕು ಪದರವನ್ನು ಒಂದು ಬಾರಿ ಹಾದು ಹೊರಬರುತ್ತದೆ. ಆದರೆ ರಿಫ್ಲೆಕ್ಟರಿಗೆ ತಗಲುವ ಬೆಳಕು ಒಳಹೋಗುವಾಗ ಒಮ್ಮೆ, ಹಿಂದಿರುಗುವಾಗ ಒಮ್ಮೆ, ಹೀಗೆ ಎರಡು ಬಾರಿ ಹಾದುಹೋಗಬೇಕು. ಆದ್ದರಿಂದ ರಿಫ್ಲೆಕ್ಟರಿನಲ್ಲಿ ಬೆಳಕಿನ ನಷ್ಟವು ದೀಪದಲ್ಲಿನ ನಷ್ಟಕ್ಕಿಂತ ಹೆಚ್ಚಾಗಿರುತ್ತದೆ. ಬೆಳಕಿನ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ತಗ್ಗುವುದರಿಂದ, ನಿಖರವಾಗಿ 155 ಮೀಟರ್‌ವರೆಗೆ ಕಾಣುತ್ತಿದ್ದ ದೀಪದ ಲೆಕ್ಕಾಚಾರ ಈ ಕೆಳಗಿನಂತಿರುತ್ತದೆ:

ಶೇ. 70 ಬೆಳಕು ಬಿಡುವ ಪದರ: ರಿಫ್ಲೆಕ್ಟರ್ ಶೇ. 49, ದೀಪ ಕಾಣುವ ದೂರ ಸುಮಾರು 130 ಮೀ.
ಶೇ. 50 ಬೆಳಕು ಬಿಡುವ ಪದರ: ರಿಫ್ಲೆಕ್ಟರ್ ಶೇ. 25, ದೀಪ ಕಾಣುವ ದೂರ ಸುಮಾರು 110 ಮೀ.
ಶೇ. 30 ಬೆಳಕು ಬಿಡುವ ಪದರ: ರಿಫ್ಲೆಕ್ಟರ್ ಶೇ. 9, ದೀಪ ಕಾಣುವ ದೂರ ಸುಮಾರು 85 ಮೀ.

ಗಂಟೆಗೆ 60 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 16.7 ಮೀಟರ್ ಕ್ರಮಿಸುತ್ತದೆ. 155 ರಿಂದ 110 ಮೀಟರಿಗೆ ಇಳಿದರೆ ಹಿಂದಿನ ಚಾಲಕನು ಕಳೆದುಕೊಳ್ಳುವುದು ಎರಡೂವರೆ ಸೆಕೆಂಡಿಗಿಂತ ಹೆಚ್ಚು ಸಮಯ. ಕನಕಪುರ ರಸ್ತೆಯಂತಹ ರಸ್ತೆಯಲ್ಲಿ ಈ ಅವಧಿಯೇ ಸುರಕ್ಷಿತವಾಗಿ ನಿಲ್ಲುವುದಕ್ಕೂ ಡಿಕ್ಕಿಯಾಗುವುದಕ್ಕೂ ಇರುವ ಅಂತರವಾಗಬಹುದು. ಹಗಲಿನಲ್ಲಿಯೂ ಅಪಾಯ ತಪ್ಪಿದ್ದಲ್ಲ. ಕಡು ಬಿಸಿಲಿನಲ್ಲಿ ಕಪ್ಪು ಕವಚದ ಹಿಂದಿನ ಬ್ರೇಕ್ ದೀಪ ಉರಿದದ್ದು ತಿಳಿಯದೇ ಹೋಗಬಹುದು.

ಕೆಲವು ವಾಹನಗಳು ಕಾರ್ಖಾನೆಯಿಂದಲೇ ಕಡುಬಣ್ಣದ ಕವಚದೊಂದಿಗೆ ಬರುತ್ತವೆ. ಅಂತಹ ದೀಪಗಳ ಬೆಳಕಿನ ಸಾಮರ್ಥ್ಯವನ್ನು ಆ ಕವಚಕ್ಕೆ ಅನುಗುಣವಾಗಿ ರೂಪಿಸಿ, ಪರೀಕ್ಷಿಸಿ ಅನುಮೋದನೆ ಪಡೆಯಲಾಗಿರುತ್ತದೆ. ನಂತರ ಅಂಟಿಸಿದ ಪದರಕ್ಕೆ ಈ ಸಮರ್ಥನೆ ಸಲ್ಲುವುದಿಲ್ಲ.

4. ಮಸುಕಾಗಲು ಕಾರಣ

ಹಿಂಬದಿ ದೀಪದ ಕವಚವು ಹೆಚ್ಚಾಗಿ ಅಕ್ರಿಲಿಕ್ ಪ್ಲಾಸ್ಟಿಕ್‌ನದು. ಇಂದಿನ ಮುಂಬದಿ ದೀಪಗಳದು ಪಾಲಿಕಾರ್ಬೊನೇಟ್. ಪಾಲಿಕಾರ್ಬೊನೇಟ್ ಬಿಸಿಲಿಗೆ ಹಳದಿಯಾಗುತ್ತದೆ. ಅಕ್ರಿಲಿಕ್ ಹಾಗೆ ಹಳದಿಯಾಗುವುದು ಕಡಿಮೆಯಾದರೂ, ಒಣಬಟ್ಟೆಯಿಂದ ಧೂಳು ಒರೆಸುವುದರಿಂದ ಸೂಕ್ಷ್ಮ ಗೀರುಗಳು ಮೂಡಿ ಮಸುಕಾಗುತ್ತದೆ. ಆದ್ದರಿಂದ ಮೊದಲು ನೀರು ಹಾಯಿಸಿ ಧೂಳನ್ನು ತೊಳೆದ ನಂತರವೇ ಬಟ್ಟೆ ಬಳಸುವುದು ಸೂಕ್ತ.

5. ಮನೆಯಲ್ಲಿ ಮಸುಕು ನಿವಾರಿಸುವ ವಿಧಾನ

ಅ) ವಾಹನವನ್ನು ನೆರಳಿನಲ್ಲಿ ನಿಲ್ಲಿಸಿ, ದೀಪಗಳನ್ನು ಆರಿಸಿ, ಕವಚ ತಣ್ಣಗಾದ ನಂತರ ಸಾಬೂನಿನ ನೀರಿನಿಂದ ತೊಳೆಯಬೇಕು.
ಆ) ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಮಾಸ್ಕಿಂಗ್ ಟೇಪ್ ಅಂಟಿಸಬೇಕು.
ಇ) ಮಸುಕು ಕಡಿಮೆಯಿದ್ದಲ್ಲಿ ವಾಟರ್ ಪೇಪರ್ ಅಗತ್ಯವಿಲ್ಲ; ಪ್ಲಾಸ್ಟಿಕ್ ಪಾಲಿಷ್ ಸಾಕಾಗುತ್ತದೆ.
ಈ) ಗೀರುಗಳು ಬೆರಳಿಗೆ ತಾಗುವಂತಿದ್ದಲ್ಲಿ 1000 ಸಂಖ್ಯೆಯ ವಾಟರ್ ಪೇಪರಿನಿಂದ ಆರಂಭಿಸಿ, ಕ್ರಮವಾಗಿ 1500, 2000 ಮತ್ತು 3000 ಸಂಖ್ಯೆಯವನ್ನು ಬಳಸಬೇಕು. ಕಾಗದ ಮತ್ತು ಕವಚ ಎರಡೂ ಸದಾ ಒದ್ದೆಯಾಗಿರಬೇಕು. ಪ್ರತಿ ಹಂತದಲ್ಲಿ ಉಜ್ಜುವ ದಿಕ್ಕನ್ನು ಬದಲಿಸಿದರೆ ಹಿಂದಿನ ಹಂತದ ಗೀರು ಪೂರ್ಣವಾಗಿ ಹೋಗಿದೆಯೇ ಎಂಬುದು ತಿಳಿಯುತ್ತದೆ.
ಉ) ಉಜ್ಜಿದ ನಂತರ ಕವಚ ಸಮನಾಗಿ ಮಂಜಾಗಿ ಕಾಣುವುದು ಸಹಜ. ಅನಂತರ ರಬ್ಬಿಂಗ್ ಕಾಂಪೌಂಡ್, ಕೊನೆಯಲ್ಲಿ ಪಾಲಿಷ್ ಹಚ್ಚಿ ಮೆತ್ತನೆಯ ಬಟ್ಟೆಯಿಂದ ತಿಕ್ಕಬೇಕು. ಒಂದೇ ಕಡೆ ಒತ್ತಿ ತಿಕ್ಕಿದರೆ ಶಾಖದಿಂದ ಅಕ್ರಿಲಿಕ್ ಮೆತ್ತಗಾಗುತ್ತದೆ.
ಊ) ಹಲ್ಲುಜ್ಜುವ ಪೇಸ್ಟ್ ತೆಳು ಮಸುಕನ್ನು ಮಾತ್ರ ಸ್ವಲ್ಪಮಟ್ಟಿಗೆ ತೆಗೆಯಬಲ್ಲದು. ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಮತ್ತು ಸೊಳ್ಳೆ ನಿವಾರಕ ದ್ರವಗಳನ್ನು ಬಳಸಬಾರದು. ಇವುಗಳಿಂದ ಕ್ಷಣಕಾಲ ಹೊಳಪು ಬಂದಂತೆ ಕಂಡರೂ ಪ್ಲಾಸ್ಟಿಕ್ ಕರಗಿ ಒಳಗೆ ಬಿರುಕು ಮೂಡುತ್ತದೆ.

6. ಈಗಾಗಲೇ ಹಾಕಿರುವ ಬಣ್ಣವನ್ನು ತೆಗೆಯುವುದು

ಫಿಲ್ಮ್ ಆಗಿದ್ದಲ್ಲಿ ಕೂದಲು ಒಣಗಿಸುವ ಯಂತ್ರದಿಂದ ಹದವಾಗಿ ಬಿಸಿ ಮಾಡಿ, ಒಂದು ಮೂಲೆಯಿಂದ ನಿಧಾನವಾಗಿ ಎಳೆಯಬೇಕು. ಬ್ಲೇಡ್ ಬಳಸಬಾರದು. ಉಳಿದ ಅಂಟನ್ನು ಉಗುರುಬೆಚ್ಚಗಿನ ಸಾಬೂನಿನ ನೀರಿನಿಂದ ಪದೇ ಪದೇ ಒರೆಸಿ ತೆಗೆಯಬಹುದು. ಸ್ಪ್ರೇ ಬಣ್ಣವಾಗಿದ್ದಲ್ಲಿ ಮೇಲ್ಕಂಡ 5(ಈ) ಮತ್ತು (ಉ) ರಲ್ಲಿನ ಕ್ರಮವನ್ನೇ ಅನುಸರಿಸಬೇಕು.

7. ಕವಚವನ್ನು ಬದಲಾಯಿಸಬೇಕಾದ ಸಂದರ್ಭಗಳು

ಅ) ಕವಚ ಒಡೆದಿದ್ದಲ್ಲಿ ಅಥವಾ ಬಿರುಕು ಒಳಮೈವರೆಗೆ ಇದ್ದಲ್ಲಿ.
ಆ) ಕೆಂಪು ಬಣ್ಣ ಮಾಸಿ ಗುಲಾಬಿಯಾಗಿದ್ದಲ್ಲಿ. ಇದನ್ನು ಉಜ್ಜುವುದರಿಂದ ಸರಿಪಡಿಸಲಾಗದು. ಮೇಲೆ ಕೆಂಪು ಬಣ್ಣ ಬಳಿಯುವುದೂ ಪರಿಹಾರವಲ್ಲ.
ಇ) ಒಳಗೆ ನೀರು ನಿಂತಿದ್ದಲ್ಲಿ. ಮಳೆಯ ನಂತರ ಕಂಡು, ದೀಪ ಹಚ್ಚಿದಾಗ ಆರುವ ತೆಳು ಮಂಜು ದೋಷವಲ್ಲ.
ಈ) ರಿಫ್ಲೆಕ್ಟರಿನ ಒಳಮೈ ಕಪ್ಪಾಗಿದ್ದಲ್ಲಿ.

ಬದಲಿ ದೀಪವು ವಾಹನ ತಯಾರಕರ ಮೂಲ ಬಿಡಿಭಾಗವಾಗಿರುವುದು ಅಥವಾ ಅದೇ ಮಾದರಿಗೆ ಅನುಮೋದಿತವಾಗಿರುವುದು ಅಗತ್ಯ. ಬಲ್ಬನ್ನೂ ತಯಾರಕರು ಸೂಚಿಸಿದ ಬಗೆಯದನ್ನೇ ಹಾಕಬೇಕು. ಬಿಳಿ ಎಲ್‌ಇಡಿ ಬಲ್ಬಿನಲ್ಲಿ ಕೆಂಪು ಬೆಳಕಿನ ಅಂಶ ಕಡಿಮೆಯಿರುವುದರಿಂದ, ಕೆಂಪು ಕವಚದ ಹಿಂದೆ ಅದು ನಿರೀಕ್ಷಿತ ಪ್ರಖರತೆ ನೀಡದಿರಬಹುದು.

8. ತಪಾಸಣೆಗೆ ಮುನ್ನ ಮನೆಯಲ್ಲಿ ಮಾಡಬಹುದಾದ ಪರೀಕ್ಷೆ

ಅ) ಮುಸ್ಸಂಜೆಯ ನಂತರ ವಾಹನ ನಿಲ್ಲಿಸಿ ಹಿಂಬದಿ ದೀಪ ಹಚ್ಚಿ, ಪಾದಚಾರಿ ಮಾರ್ಗದಲ್ಲಿ ಸುಮಾರು 200 ಹೆಜ್ಜೆ ಹಿಂದೆ ಸರಿದು ನೋಡಬೇಕು. ಇದು ಅಂದಾಜು 155 ಮೀಟರ್. ಎರಡೂ ಬದಿಯ ದೀಪಗಳು ಸಮನಾಗಿ, ಕೆಂಪಾಗಿ ಕಾಣಬೇಕು.
ಆ) ಮತ್ತೊಬ್ಬರಿಂದ ಬ್ರೇಕ್ ಒತ್ತಿಸಿ, ವ್ಯತ್ಯಾಸ ಕೂಡಲೇ ಗೋಚರಿಸುವುದೇ ಎಂದು ಪರಿಶೀಲಿಸಬೇಕು. ಇದನ್ನು ಮಧ್ಯಾಹ್ನದ ಬಿಸಿಲಿನಲ್ಲಿಯೂ ಹತ್ತಿರದಿಂದ ಮಾಡಿ ನೋಡುವುದು ಒಳ್ಳೆಯದು.
ಇ) ದೀಪ ಆರಿಸಿ, ಟಾರ್ಚನ್ನು ಕಣ್ಣಿನ ಪಕ್ಕದಲ್ಲಿಯೇ ಹಿಡಿದು ರಿಫ್ಲೆಕ್ಟರಿನತ್ತ ಬೆಳಕು ಬಿಡಬೇಕು. ರಿಫ್ಲೆಕ್ಟರ್ ಬೆಳಕನ್ನು ಬಂದ ದಾರಿಯಲ್ಲಿಯೇ ಹಿಂದಿರುಗಿಸುವುದರಿಂದ ಟಾರ್ಚ್ ದೂರವಿದ್ದರೆ ಫಲಿತಾಂಶ ತಿಳಿಯುವುದಿಲ್ಲ.

9. ಅರ್ಜಿದಾರರ ಗಮನಕ್ಕೆ

ಸಾರಿಗೇತರ ವಾಹನದ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ನವೀಕರಣದ ಅರ್ಜಿಯನ್ನು ನಮೂನೆ 25 ರಲ್ಲಿ, ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಸಲ್ಲಿಸಬಹುದು. ಸಾರಿಗೆ ವಾಹನಗಳ ಅರ್ಹತಾ ಪತ್ರವನ್ನು, 2018 ರ ತಿದ್ದುಪಡಿಯಂತೆ, ವಾಹನಕ್ಕೆ ಎಂಟು ವರ್ಷವಾಗುವವರೆಗೆ ಎರಡು ವರ್ಷಗಳಿಗೊಮ್ಮೆ, ಅನಂತರ ಪ್ರತಿ ವರ್ಷ ನವೀಕರಿಸಬೇಕು. ಜರಗನಹಳ್ಳಿ ಭಾಗದ ಕೆಎ 05 ಸರಣಿಯ ವಾಹನಗಳು ಜಯನಗರ ಪ್ರಾದೇಶಿಕ ಸಾರಿಗೆ ಕಚೇರಿಯ ದಾಖಲೆಗೆ ಸೇರಿರುತ್ತವೆ.

ತಪಾಸಣೆಯಲ್ಲಿ ದೀಪ ಮತ್ತು ರಿಫ್ಲೆಕ್ಟರುಗಳೂ ಸೇರಿರುತ್ತವೆ. ಬಣ್ಣ ಲೇಪಿಸಿದ ದೀಪದಿಂದಾಗಿ ವಾಹನವು ಅನರ್ಹಗೊಂಡಲ್ಲಿ, ಅದನ್ನು ಸರಿಪಡಿಸಿ ಪುನಃ ಹಾಜರುಪಡಿಸಬೇಕಾಗುತ್ತದೆ. ಆದ್ದರಿಂದ ತಪಾಸಣೆಯ ದಿನಕ್ಕೆ ಕನಿಷ್ಠ ಒಂದು ವಾರ ಮುಂಚಿತವಾಗಿ ಮೇಲ್ಕಂಡ ಪರೀಕ್ಷೆಗಳನ್ನು ಮಾಡಿಕೊಳ್ಳುವುದು ಸೂಕ್ತ. ತಪಾಸಣೆಗೆಂದು ಫಿಲ್ಮ್ ತೆಗೆದು ನಂತರ ಮತ್ತೆ ಅಂಟಿಸಿದಲ್ಲಿ, ಅರ್ಹತಾ ಪತ್ರವು ಕೈಯಲ್ಲಿದ್ದರೂ ಹಿಂದಿನಿಂದ ಬರುವ ಚಾಲಕನ ಕಣ್ಣಿಗೆ ವಾಹನ ಕಾಣುವುದಿಲ್ಲ ಎಂಬುದನ್ನು ಮಾಲೀಕರು ಗಮನಿಸತಕ್ಕದ್ದು.