ಯುದ್ಧಕಾಲದಲ್ಲಿ ಬುಟ್ಟಿ ಹೆಣೆಸಿದವರು

ನಮ್ಮ ಕೂಟದ ವಾರ್ಷಿಕೋತ್ಸವದ ಸಂಚಿಕೆಗೆ ಲೇಖನ ಕೊಡಿ ಎಂದು ಸಂಪಾದಕರು ಕೇಳಿದಾಗ, ವೈದ್ಯರಾದ ನಮ್ಮಂಥವರಿಂದ ಅವರು ನಿರೀಕ್ಷಿಸುವುದು ಸಕ್ಕರೆ ಕಾಯಿಲೆ ಇಲ್ಲವೇ ಕೊಲೆಸ್ಟರಾಲ್. ಎರಡರ ಮೇಲೂ ಹಿಂದಿನ ಸಂಚಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಓದಿದ ಮೇಲೂ ನಮ್ಮ ಯುಗಾದಿ ಊಟದಲ್ಲಿ ಹೋಳಿಗೆಯ ತಟ್ಟೆ ಮೊದಲು ಖಾಲಿಯಾಗುವುದು ನಿಂತಿಲ್ಲ! ಆದ್ದರಿಂದ ಈ ಸಲ ಮಾತ್ರೆ, ಪಥ್ಯ ಬಿಟ್ಟು, ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಒಂದು ಹಳೆಯ ಕಥೆಯನ್ನು ಹೇಳುತ್ತೇನೆ.

ಅದು ನನ್ನ ರೆಸಿಡೆನ್ಸಿಯ ಎರಡನೇ ವರ್ಷ. ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿದ್ದ, ಎಂಬತ್ತು ದಾಟಿದ ಹಿರಿಯರೊಬ್ಬರು ನನ್ನ ವಾರ್ಡಿನಲ್ಲಿದ್ದರು. ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಹೋರಾಡಿದವರು. ಬೆಳಗಿನ ರೌಂಡ್ಸಿಗೆ ಹೋದರೆ ಅವರು ಹಾಸಿಗೆಯಲ್ಲಿ ಇಲ್ಲ. ಹುಡುಕಿಕೊಂಡು ಹೋದಾಗ ಮಹಡಿಯ ಕೊನೆಯ ಕೋಣೆಯಲ್ಲಿ ಒಬ್ಬ ಯುವತಿ ಅವರ ಕೈಯಿಂದಲೇ ಅಂಗಿಯ ಗುಂಡಿ ಹಾಕಿಸುತ್ತಿದ್ದಳು. ಒಂದು ಗುಂಡಿಗೆ ನಾಲ್ಕು ನಿಮಿಷ. ಇನ್ನೂ ಹನ್ನೊಂದು ರೋಗಿಗಳನ್ನು ನೋಡಬೇಕಿದ್ದ ನನಗೆ ಮೈಯೆಲ್ಲ ಉರಿಯಿತು. ಆಕ್ಯುಪೇಷನಲ್ ಥೆರಪಿ ಎಂದರೆ ಬುಟ್ಟಿ ಹೆಣೆಸುವ ವಿದ್ಯೆ ಎಂದು ಗೇಲಿ ಮಾಡಿದವರಲ್ಲಿ ನಾನೂ ಒಬ್ಬ. ಮುದುಕರು ನನ್ನ ಮುಖ ನೋಡಿದರು, ಅರ್ಥವಾಗಿರಬೇಕು. "ಡಾಕ್ಟರೇ, ಯುದ್ಧದಲ್ಲಿ ಗಾಯವಾಗಿ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ನನಗೊಬ್ಬಳು ಚರ್ಮದ ತುಂಡು, ಸೂಜಿ ತಂದುಕೊಟ್ಟು ಹಣದ ಚೀಲ ಹೊಲಿಸಿದಳು. ಆಪರೇಷನ್ ಮಾಡಿದ ಡಾಕ್ಟರ ಮುಖ ನನಗೆ ನೆನಪಿಲ್ಲ" ಎಂದರು. ಅಷ್ಟೇ ಹೇಳಿ ಮತ್ತೆ ಗುಂಡಿಯ ಕಡೆ ತಿರುಗಿದರು.

ನಾಚಿಕೆಯಾಯಿತು. ಆ ಹೆಂಗಸು ಯಾರಿದ್ದಿರಬಹುದು, ಈ ಕೆಲಸ ಯುದ್ಧಭೂಮಿಗೆ ಹೇಗೆ ಹೋಯಿತು ಎಂದು ಓದತೊಡಗಿದ್ದು ಅಂದಿನಿಂದ.

ಮೊದಲು ಹೆಸರಿನ ತೊಡಕು. ಕನ್ನಡದಲ್ಲಿ ಇದನ್ನು 'ಉದ್ಯೋಗ ಚಿಕಿತ್ಸೆ' ಎನ್ನುವವರಿದ್ದಾರೆ. ಕೇಳಿದವರು ನೌಕರಿ ಕೊಡಿಸುವ ಏರ್ಪಾಡೆಂದು ತಿಳಿಯುತ್ತಾರೆ. 'ಕಾಯಕ' ಎಂಬ ದೊಡ್ಡ ಮಾತನ್ನು ಎಳೆದು ತರುವ ಆಸೆ ನನಗೂ ಆಯಿತು, ತಡೆದುಕೊಂಡಿದ್ದೇನೆ. ಮನುಷ್ಯ ದಿನವೂ ಮಾಡುವ ಕೆಲಸಗಳನ್ನೇ ಮದ್ದಾಗಿ ಕೊಡುವುದು ಎಂದುಕೊಂಡರೆ ಸದ್ಯಕ್ಕೆ ಸಾಕು.

ಈ ಕಸುಬಿಗೆ ಒಂದು ಸಂಘ ಹುಟ್ಟಿದ್ದು 1917ರ ಮಾರ್ಚಿನಲ್ಲಿ, ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನಲ್ಲಿ. ಕರೆದವನು ಜಾರ್ಜ್ ಬಾರ್ಟನ್, ವೃತ್ತಿಯಿಂದ ಆರ್ಕಿಟೆಕ್ಟ್. ಕ್ಷಯ ಬಂತು, ಕಾಲಿನ ಒಂದು ಭಾಗವನ್ನು ಕತ್ತರಿಸಬೇಕಾಯಿತು, ಮೇಲೆ ಎಡ ಪಾರ್ಶ್ವದ ಸ್ವಾಧೀನವೂ ತಪ್ಪಿತು. ವೈದ್ಯರು ಕೈಚೆಲ್ಲಿದ ಮೇಲೆ ಆತ ಒಂದು ಮನೆ ಹಿಡಿದು, ಮರಗೆಲಸ, ತೋಟದ ಕೆಲಸ ಮಾಡುತ್ತಾ ತನ್ನ ಕೈಕಾಲುಗಳನ್ನು ತಾನೇ ಪಳಗಿಸಿಕೊಂಡ. ಆ ಮನೆಗೆ 'ಸಾಂತ್ವನದ ಮನೆ' ಎಂಬ ಅರ್ಥದ ಹೆಸರಿಟ್ಟ. ಸಭೆಗೆ ಬಂದವರು ಅವನನ್ನೂ ಸೇರಿಸಿ ಆರೇ ಜನ. ಮನೋವೈದ್ಯ ವಿಲಿಯಂ ರಶ್ ಡಂಟನ್, ಶಿಕಾಗೋದಲ್ಲಿ ಇಂಥ ಕೆಲಸ ಮಾಡುತ್ತಿದ್ದ ಎಲಿನಾರ್ ಕ್ಲಾರ್ಕ್ ಸ್ಲೇಗಲ್, ಕುಶಲಕಲೆಗಳ ಶಿಕ್ಷಕಿ ಸೂಸನ್ ಕಾಕ್ಸ್ ಜಾನ್ಸನ್, ಕೆನಡಾದಲ್ಲಿ ಗಾಯಾಳು ಸೈನಿಕರ ತರಬೇತಿ ನೋಡಿಕೊಳ್ಳುತ್ತಿದ್ದ ಥಾಮಸ್ ಕಿಡ್ನರ್, ಮತ್ತು ಬಾರ್ಟನ್ನನ ಕಾರ್ಯದರ್ಶಿ ಇಸಬೆಲ್ ನ್ಯೂಟನ್ (ಮುಂದೆ ಅವನನ್ನು ಮದುವೆಯಾದವಳೂ ಅವಳೇ). ನಮ್ಮ ಕೂಟದ ಮೊದಲ ಸಭೆಗೂ ಇದಕ್ಕಿಂತ ಹೆಚ್ಚು ಜನ ಬಂದಿದ್ದರಂತೆ! ಸಭೆ ಮುಗಿದು ಮೂರು ವಾರ ಆಗಿತ್ತಷ್ಟೇ, ಏಪ್ರಿಲ್ 6ರಂದು ಅಮೆರಿಕ ಯುದ್ಧ ಘೋಷಿಸಿತು.

ಅಷ್ಟರಲ್ಲಿ ಯುರೋಪಿನ ಯುದ್ಧ ಮೂರನೇ ವರ್ಷದಲ್ಲಿತ್ತು. 'ಶೆಲ್ ಶಾಕ್' ಎಂಬ ಹೆಸರು 1915ರಲ್ಲೇ ವೈದ್ಯಕೀಯ ಪತ್ರಿಕೆಗೆ ಬಂದಿತ್ತು. ಮೈಮೇಲೆ ಗಾಯವಿಲ್ಲ, ಆದರೆ ಕೈ ನಡುಗುತ್ತದೆ, ಮಾತು ನಿಂತಿದೆ, ಕಾಲು ಏಳುವುದಿಲ್ಲ, ಬಾಗಿಲು ಬಡಿದರೆ ಮಂಚದ ಕೆಳಗೆ ನುಗ್ಗುತ್ತಾನೆ. ಕೆಲವರು ಇದನ್ನು ಮಿದುಳಿಗೆ ತಗುಲಿದ ಪೆಟ್ಟು ಎಂದರು, ಕೆಲವರು ಹೇಡಿತನ ಎಂದರು. ಅಮೆರಿಕದ ಪರವಾಗಿ ಇದನ್ನು ನೋಡಿಬರಲು 1917ರಲ್ಲಿ ಇಂಗ್ಲೆಂಡಿಗೆ ಹೋದವನು ಡಾಕ್ಟರ್ ಥಾಮಸ್ ಸಾಲ್ಮನ್. ಈತ ಹಿಂದೆ ಎಲ್ಲಿಸ್ ದ್ವೀಪದಲ್ಲಿ, ಹಡಗಿನಿಂದ ಇಳಿದ ವಲಸಿಗರ ಮಾನಸಿಕ ಆರೋಗ್ಯ ಪರೀಕ್ಷಿಸುತ್ತಿದ್ದವನು. ಪರದೇಶಕ್ಕೆ ಬಂದು ಕಂಗಾಲಾಗಿ ನಿಂತವರ ಮುಖಗಳನ್ನು ಸಾಕಷ್ಟು ಕಂಡವನು. ರಣರಂಗದಿಂದ ದೂರದ ಊರಿಗೆ ಸಾಗಿಸಿದಷ್ಟೂ ಈ ರೋಗ ಬೇರೂರುತ್ತದೆ, ಹತ್ತಿರದಲ್ಲೇ, ಬೇಗನೆ, ವಾಸಿಯಾಗುತ್ತದೆಂಬ ಭರವಸೆಯೊಡನೆ ಚಿಕಿತ್ಸೆ ಮಾಡಬೇಕು ಎಂಬುದು ಅವನ ಅಭಿಪ್ರಾಯ. ಗುಣವಾದ ಮೇಲೆ ಕೆಲಸ ಎಂದಲ್ಲ, ಚಿಕಿತ್ಸೆಯಲ್ಲೇ ಕೆಲಸ ಸೇರಿರಬೇಕು.

ಹಾಗೆ 1918ರಲ್ಲಿ ಫ್ರಾನ್ಸಿನ ಪೂರ್ವಭಾಗದಲ್ಲಿ, ಲಾ ಫೋಶ್ ಎಂಬ ಹಳ್ಳಿಯಲ್ಲಿ, ಅಮೆರಿಕನ್ ಸೇನೆಯ 117ನೇ ಬೇಸ್ ಆಸ್ಪತ್ರೆ ಶುರುವಾಯಿತು. ಅಲ್ಲಿಗೆ ಸೇರಿಸುತ್ತಿದ್ದುದು ಇಂಥ ನರಗಳ ಬಾಧೆಯವರನ್ನೇ. ವೈದ್ಯಕೀಯ ಮುಖ್ಯಸ್ಥ ಸಿಡ್ನಿ ಶ್ವಾಬ್. ಅಲ್ಲಿಗೆ ಅಮೆರಿಕದಿಂದ ಬಂದ ಕೆಲವು ಹೆಂಗಸರಿಗೆ 'ರಿಕನ್‌ಸ್ಟ್ರಕ್ಷನ್ ಏಡ್' ಎಂಬ ಬಿರುದು. ಮುರಿದದ್ದನ್ನು ಮತ್ತೆ ಕಟ್ಟುವ ಸಹಾಯಕಿಯರು ಎಂದಿಟ್ಟುಕೊಳ್ಳಿ. ಡ್ರಾಯಿಂಗ್, ಮರಗೆಲಸ, ನೇಯ್ಗೆ ಕಲಿಸುತ್ತಿದ್ದ ಟೀಚರುಗಳು ಅವರಲ್ಲಿ ಬಹಳ. ಸೇನೆಯ ವೈದ್ಯರಿಗೆ ಇವರನ್ನು ಕಂಡು ಅನುಮಾನ. ಗುಂಡಿನ ಸದ್ದಿಗೆ ಬುದ್ಧಿ ಕಲಕಿದವನಿಗೆ ಟೀಚರಮ್ಮ ಏನು ಮಾಡಿಯಾಳು?

ಸಾಮಾನು ಎಂದು ಹೇಳಿಕೊಳ್ಳುವಂಥದ್ದೂ ಇರಲಿಲ್ಲ. ಪೆಟ್ಟಿಗೆಗಳ ಹಲಗೆ, ಅಡುಗೆಮನೆಯಿಂದ ಎಸೆದ ತಗಡಿನ ಡಬ್ಬಿಗಳು. ಅದರಿಂದಲೇ ಆಟಿಕೆ ಮಾಡಿಸಿದರು, ಆಸ್ಪತ್ರೆಗೆ ಬೇಕಾದ ವಸ್ತುಗಳನ್ನೂ ಮಾಡಿಸಿದರು. ಈ ಎರಡನೆಯದು ನನಗೆ ಮುಖ್ಯವಾಗಿ ಕಾಣುತ್ತದೆ. ಹೊತ್ತು ಕಳೆಯಲು ಕೊಟ್ಟ ಕೆಲಸ ರೋಗಿಗೆ ತಕ್ಷಣ ಗೊತ್ತಾಗುತ್ತದೆ, ಮಗುವಿಗೆ ಗಿಲಕಿ ಕೊಟ್ಟ ಹಾಗೆ. ತಾನು ಮಾಡಿದ ಬೆಂಚಿನ ಮೇಲೆ ಇನ್ನೊಬ್ಬ ಕೂತದ್ದನ್ನು ನೋಡುವುದೇ ಬೇರೆ.

ವೈದ್ಯನಾಗಿ ಒಂದೆರಡು ಮಾತು. ನಡುಗುವ ಕೈಗೆ 'ನಡುಗಬೇಡ' ಎಂದು ಆಜ್ಞೆ ಮಾಡಿದರೆ ನಡುಕ ಹೆಚ್ಚುತ್ತದೆ, ಏಕೆಂದರೆ ಗಮನವೆಲ್ಲ ಕೈಯ ಮೇಲೇ. ಅದೇ ಕೈಗೆ ಗರಗಸ ಕೊಟ್ಟು ಹಲಗೆಯ ಮೇಲೆ ಗೆರೆ ಎಳೆದಿಟ್ಟರೆ ಗಮನ ಗೆರೆಯ ಮೇಲೆ ಹೋಗುತ್ತದೆ. ಮೊದಲು ಒರಟು ಕೆಲಸ, ಆಮೇಲೆ ನಾಜೂಕು. ಮೊದಲು ಕಾಲು ಗಂಟೆ, ಆಮೇಲೆ ಒಂದು ಗಂಟೆ. ಔಷಧದ ಪ್ರಮಾಣ ಏರಿಸುವಂತೆಯೇ. ಇನ್ನೂ ಒಂದು ಸಂಗತಿ ಇದೆ, ಅದು ಪಠ್ಯಪುಸ್ತಕದಲ್ಲಿ ಅಷ್ಟು ಬರುವುದಿಲ್ಲ. ಪರದೇಶದಲ್ಲಿರುವ ಸೈನಿಕನ ದಿನ ಅವನದಲ್ಲ. ಏಳುವುದು, ಉಣ್ಣುವುದು, ಮಲಗುವುದು ಎಲ್ಲ ಬೇರೆಯವರ ಸೀಟಿಗೆ. ಆಸ್ಪತ್ರೆ ಸೇರಿದರೆ ಅದೂ ಹೋಗಿ, ಛಾವಣಿ ನೋಡುವುದೊಂದೇ ಉಳಿಯುತ್ತದೆ. ಊರಿನಲ್ಲಿ ಅವನು ಬಡಗಿಯೋ ರೈತನೋ ಅಂಗಡಿಯವನೋ ಆಗಿದ್ದ. ಬೆಳಿಗ್ಗೆ ಎದ್ದು 'ಇವತ್ತು ಆ ಪೆಟ್ಟಿಗೆಯ ಮುಚ್ಚಳ ಮುಗಿಸಬೇಕು' ಎಂದು ಅಂದುಕೊಂಡ ದಿನ, ಆ ಹಳೆಯ ಮನುಷ್ಯ ಸ್ವಲ್ಪ ಹಿಂದಿರುಗುತ್ತಾನೆ.

ಇದನ್ನು ನಂಬಲು ನಾನು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ನಮ್ಮ ಅಮ್ಮ ಮೊದಲ ಸಲ ಇಲ್ಲಿಗೆ ಬಂದದ್ದು ನವೆಂಬರಿನಲ್ಲಿ. ಹಾಸನದ ಮನೆಯಲ್ಲಿ ಐದೂವರೆಗೆ ಎದ್ದು, ಹಾಲು, ರಂಗೋಲಿ, ತುಳಸಿ, ಹೂವಿನವಳ ಜೊತೆ ಚೌಕಾಸಿ ಎಂದು ಓಡಾಡುತ್ತಿದ್ದವರು ಇಲ್ಲಿ ಕಿಟಕಿಯ ಬಳಿ ಹಿಮ ನೋಡುತ್ತಾ ಕೂತುಬಿಟ್ಟರು. ಊಟ ಸೇರದು, ನಿದ್ದೆ ಬಾರದು, ಮಾತು ಕಡಿಮೆ. ನಾನು ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಬಿ-12 ನೋಡಿಸಿದೆ. ಎಲ್ಲ ಸರಿ. ಕೊನೆಗೆ ನನ್ನ ಹೆಂಡತಿ ಔಷಧದ ಅಂಗಡಿಯಿಂದ ಹತ್ತಿಯ ಸುರುಳಿ ತಂದು, "ಅತ್ತೆ, ಕೂಟದ ದೀಪಕ್ಕೆ ಐನೂರು ಹೂಬತ್ತಿ ಬೇಕಂತೆ" ಎಂದಳು. ಕೂಟದವರು ಕೇಳಿರಲಿಲ್ಲ. ಅಮ್ಮ ಮೂರು ದಿನದಲ್ಲಿ ಸಾವಿರ ಹೊಸೆದಿಟ್ಟು, ಇನ್ನೇನಾದರೂ ಇದೆಯಾ ಎಂದರು. ರಿಕನ್‌ಸ್ಟ್ರಕ್ಷನ್ ಏಡ್ ನನ್ನ ಮನೆಯಲ್ಲೇ ಇದ್ದಳು, ಮನೆಯ ವೈದ್ಯನಿಗೆ ತಿಳಿದಿರಲಿಲ್ಲ.

ಲಾ ಫೋಶ್‌ಗೆ ಮರಳೋಣ. ಯುದ್ಧ ಮುಗಿದ ಮೇಲೆ, 1919ರಲ್ಲಿ, ಶ್ವಾಬ್ ಅಲ್ಲಿನ ಕೆಲಸದ ಬಗ್ಗೆ ಬರೆದಾಗ ಅದನ್ನು ಒಂದು 'ಪ್ರಯೋಗ' ಎಂದೇ ಕರೆದ. ಆದರೆ ಈ ಕಥೆಯಲ್ಲಿ ಒಂದು ಮುಳ್ಳೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸೇನೆ ಈ ಆಸ್ಪತ್ರೆಯನ್ನು ತೆರೆದದ್ದು ಬಡಗಿಯನ್ನು ಮತ್ತೆ ಬಡಗಿಯಾಗಿಸಲು ಅಲ್ಲ, ಸೈನಿಕನನ್ನು ಮತ್ತೆ ಸೈನಿಕನಾಗಿಸಲು. ಕೈ ನಡುಗುವುದು ನಿಂತರೆ ಆ ಕೈಗೆ ಪುನಃ ಬಂದೂಕು. ಆ ಹೆಂಗಸರಿಗೆ ಇದು ಗೊತ್ತಿತ್ತು. ನಾನು ಅವರ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದ್ದೇನೆ, ಉತ್ತರ ಸಿಕ್ಕಿಲ್ಲ.

ಅದೇ ಮುಳ್ಳು ನಮ್ಮವರಿಗೂ ಚುಚ್ಚಿತ್ತು. ಅಮೆರಿಕನ್ನರು ಬರುವುದಕ್ಕೂ ಬಹಳ ಮೊದಲೇ, 1914ರ ಶರತ್ಕಾಲದಲ್ಲೇ, ಭಾರತದ ಸೈನಿಕರು ಫ್ರಾನ್ಸಿನ ಕಂದಕಗಳಲ್ಲಿದ್ದರು. ಗಾಯಗೊಂಡವರಲ್ಲಿ ಹಲವರನ್ನು ಇಂಗ್ಲೆಂಡಿನ ಬ್ರೈಟನ್ನಿಗೆ ಸಾಗಿಸಿ, ಹಿಂದೆ ಅರಮನೆಯಾಗಿದ್ದ ರಾಯಲ್ ಪೆವಿಲಿಯನ್ನಿನಲ್ಲಿ ಮಲಗಿಸಿದರು. ಗುಮ್ಮಟ, ಕಮಾನು ನೋಡಿ ಇವರಿಗೆ ಊರೇ ನೆನಪಾಗಲಿ ಎಂಬ ಲೆಕ್ಕಾಚಾರವೂ ಇತ್ತು. ಜಾತಿ, ಮತಗಳಿಗೆ ತಕ್ಕಂತೆ ಒಂಬತ್ತು ಅಡುಗೆಮನೆ, ಹಿಂದೂ ಮುಸಲ್ಮಾನರಿಗೆ ಬೇರೆ ಬೇರೆ ನಲ್ಲಿ. ಬ್ರಿಟಿಷರಿಗೆ ಇದು ಪ್ರಚಾರದ ಸರಕಾಗಿತ್ತು, ನಿಜ. ಆದರೂ ಪರದೇಶದ ಹಾಸಿಗೆಯಲ್ಲಿ ತನ್ನ ಪದ್ಧತಿಯಂತೆ ಬೇಯಿಸಿದ ಅನ್ನವೋ ರೊಟ್ಟಿಯೋ ಸಿಗುವುದು ಎಷ್ಟು ದೊಡ್ಡ ಮದ್ದು ಎಂಬುದನ್ನು ಈ ಸಂಚಿಕೆ ಓದುವವರಿಗೆ ನಾನು ವಿವರಿಸಬೇಕಾಗಿಲ್ಲ. ಊರಿಗೆ ಬರೆದ ಕಾಗದಗಳನ್ನು ಸೆನ್ಸಾರ್ ಅಧಿಕಾರಿಗಳು ಒಡೆದು ಓದುತ್ತಿದ್ದರು. ಗಾಯ ಮಾಯ್ದವರನ್ನು ಮತ್ತೆ ಕಂದಕಕ್ಕೆ ಅಟ್ಟುತ್ತಾರೆ ಎಂಬ ಕಹಿ ಅವುಗಳಲ್ಲಿ ಕಾಣುತ್ತದೆ. ಅಲ್ಲಿ ತೀರಿಹೋದ ಹಿಂದೂ, ಸಿಖ್ ಸೈನಿಕರನ್ನು ಊರಾಚೆಯ ಗುಡ್ಡದ ಮೇಲೆ ದಹಿಸಿದ ಜಾಗದಲ್ಲಿ 1921ರಿಂದ ಒಂದು ಛತ್ರಿ ನಿಂತಿದೆ.

ಮೈಸೂರಿನ ಲ್ಯಾನ್ಸರುಗಳು ಹೋದದ್ದು ಫ್ರಾನ್ಸಿಗಲ್ಲ, ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿಗೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ಹಿಡಿದ ಕಥೆ ನಮಗೆಲ್ಲ ಗೊತ್ತು. ದೆಹಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ನಮ್ಮ ಮೈಸೂರಿನದು. ಕುದುರೆಯ ಮೇಲಿನ ಆ ಒಂದು ದಿನವನ್ನು ನಾವು ನೆನೆಯುತ್ತೇವೆ. ಅದರ ಹಿಂದುಮುಂದಿನ ನೂರಾರು ದಿನ ಮರಳುಗಾಡಿನಲ್ಲಿ ಆ ಜನ ಏನು ಉಂಡರು, ಸಂಜೆ ಹೊತ್ತು ಏನು ಮಾಡಿದರು ಎಂದು ನಾವು ಕೇಳುವುದಿಲ್ಲ. ಕೈಕಾಲು ಕಳೆದುಕೊಂಡು ಮರಳಿದ ಭಾರತೀಯ ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿ ಮುಂಬಯಿಯಲ್ಲಿ ಲೇಡಿ ವಿಲ್ಲಿಂಗ್ಡನ್ ಸ್ಥಾಪಿಸಿದ ಕ್ವೀನ್ ಮೇರಿ ಸಂಸ್ಥೆ ಮುಂದೆ ಪುಣೆಯ ಖಡಕಿಗೆ ಹೋಯಿತು. ಆಕ್ಯುಪೇಷನಲ್ ಥೆರಪಿಯ ಶಾಲೆ ಬರಲು ಮಾತ್ರ 1950 ಆಗಬೇಕಾಯಿತು. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾದ ಕಮಲಾ ನಿಂಬಕರ್ ಈ ವಿದ್ಯೆಯನ್ನು ಅಮೆರಿಕದಲ್ಲಿ ಕಲಿತುಬಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅದನ್ನು ಆರಂಭಿಸಿದರು. ನಾವು ಆ ಕಡೆಯಿಂದ ಈ ಕಡೆಗೆ ಬಂದವರು, ಆಕೆ ಈ ಕಡೆಯಿಂದ ಆ ಕಡೆಗೆ ಹೋದವರು.

ಇನ್ನು ಲಾ ಫೋಶ್‌ನ ಆ ಹೆಂಗಸರ ವಿಷಯ. ಅವರು ಸೇನೆಯ ಸಮವಸ್ತ್ರ ತೊಟ್ಟವರು, ಸೇನೆಯ ಆಜ್ಞೆಯಂತೆ ಹಡಗು ಹತ್ತಿದವರು. ಆದರೆ ಕಾಗದದ ಮೇಲೆ ಬರಿಯ ನಾಗರಿಕ ನೌಕರರು. ಪದವಿ ಇಲ್ಲ, ಯುದ್ಧ ಮುಗಿದ ಮೇಲೆ ಮಾಜಿ ಸೈನಿಕರಿಗೆ ಸಿಗುವ ಯಾವ ಸವಲತ್ತೂ ಇಲ್ಲ. ಎರಡನೇ ಮಹಾಯುದ್ಧದಲ್ಲೂ ಅದೇ ಕಥೆ. ಫಿಸಿಯೋಥೆರಪಿಯವರಿಗೆ, ಆಹಾರತಜ್ಞೆಯರಿಗೆ 1942ರ ಕೊನೆಗೆ ಸೇನಾ ಸ್ಥಾನಮಾನ ಸಿಕ್ಕಿತು, ಆಕ್ಯುಪೇಷನಲ್ ಥೆರಪಿಯವರಿಗೆ ಸಿಗಲಿಲ್ಲ. ಯುದ್ಧವೆಲ್ಲ ಮುಗಿದು 1947ರ ಏಪ್ರಿಲ್ ಬರಬೇಕಾಯಿತು. ನನ್ನ ರೋಗಿಗೆ ಚರ್ಮದ ತುಂಡು ಕೊಟ್ಟವಳು ಈ ಕಸುಬಿನವಳೋ, ರೆಡ್ ಕ್ರಾಸಿನ ಸ್ವಯಂಸೇವಕಿಯೋ, ಅವರಿಗೆ ತಿಳಿದಿರಲಿಲ್ಲ. ಯಾರೇ ಆಗಿದ್ದರೂ ಸೈನ್ಯದ ಪಟ್ಟಿಯಲ್ಲಿ ಅವಳ ಹೆಸರು ಇದ್ದಿರಲಾರದು.

ಮೊದಲ ಯುದ್ಧದ ಆ ಸಹಾಯಕಿಯರ ಸೇವೆಯೂ ಸೈನಿಕ ಸೇವೆಯೇ ಎಂದು ಅಮೆರಿಕ ಸರ್ಕಾರ ಒಪ್ಪಿಕೊಂಡದ್ದು 1981ರ ಜುಲೈ 6ರಂದು. 1918ರಲ್ಲಿ ಇಪ್ಪತ್ತೈದು ವರ್ಷದವಳಾಗಿ ಹಡಗು ಹತ್ತಿದ್ದವಳಿಗೆ, ಬದುಕಿದ್ದರೆ, ಆ ದಿನ ಎಂಬತ್ತೆಂಟು ವರ್ಷ.