ಎಂಟು ಸಾವಿರ ಸೈನಿಕರು, 657 ಗ್ರಂಥಗಳು

ಚೀನಾ ಅಂದ ತಕ್ಷಣ ನಮ್ಮ ಸ್ಟುಡಿಯೋದಲ್ಲಿ ಬರೋ ಮಾತು ಯಾವುದು? ಗಲ್ವಾನ್, ಗಡಿ, ನಿಷೇಧಿತ ಆ್ಯಪ್‌ಗಳು. ಆ ಚರ್ಚೆಗಳನ್ನ ನಾನೇ ಎಷ್ಟೋ ರಾತ್ರಿ ನಡೆಸಿದ್ದೀನಿ, ಮುಂದೆಯೂ ನಡೆಸ್ತೀನಿ. ಇವತ್ತು ಅದು ಬೇಡ. ಇವತ್ತು ಶಿಯಾನ್ ಬಗ್ಗೆ ಮಾತಾಡೋಣ. ಹಿಂದೆ ಚಾಂಗಾನ್ ಅಂತಿದ್ದರು. ಒಂದೇ ದಿನದಲ್ಲಿ ಎರಡು ಸಾವಿರ ವರ್ಷದ ಇತಿಹಾಸ ತೋರಿಸಿ ಸಂಜೆಗೆ ಹೋಟೆಲ್‌ಗೆ ಬಿಡೋ ಟೂರ್‌ಗಳು ಅಲ್ಲಿವೆ. ಅಂಥದ್ದೊಂದು ವ್ಯಾನಿನಲ್ಲಿ ನಾನೂ ಕೂತು ಬಂದವನು.

ಮೊದಲು ಕರ್ಕೊಂಡು ಹೋಗೋದು ಮಣ್ಣಿನ ಸೈನ್ಯಕ್ಕೆ. 1974ರ ಮಾರ್ಚ್‌ನಲ್ಲಿ ನೀರಿಗಾಗಿ ಬಾವಿ ತೋಡ್ತಿದ್ದ ರೈತರ ಗುದ್ದಲಿಗೆ ಸಿಕ್ಕಿದ್ದು ನೀರಲ್ಲ, ಸುಟ್ಟ ಮಣ್ಣಿನ ಬೊಂಬೆಯ ಚೂರು. ಒಟ್ಟು ಸುಮಾರು ಎಂಟು ಸಾವಿರ ಸೈನಿಕರಿರಬಹುದು ಅನ್ನೋದು ಅಂದಾಜು. ಬಹುಪಾಲು ಇನ್ನೂ ಮಣ್ಣಿನಡಿಯಲ್ಲೇ ಇದ್ದಾರೆ. ಮೊದಲನೇ ಗುಂಡಿಯ ಉದ್ದ 230 ಮೀಟರ್. ಕಟಕಟೆ ಹಿಡಿದು ಕೆಳಗೆ ನೋಡಿದರೆ ಆರಡಿ ಆಳುಗಳು ಸಾಲುಸಾಲು ನಿಂತಿರ್ತಾರೆ, ಒಬ್ಬನ ಮುಖ ಇನ್ನೊಬ್ಬನಿಗಿಲ್ಲ. ಆಗ ಎಲ್ಲರಿಗೂ ಬಣ್ಣ ಬಳಿದಿದ್ದರಂತೆ. ಅಗೆದಾಗ ಒಣಗಾಳಿ ತಾಗಿ ಆ ಬಣ್ಣ ನಿಮಿಷಗಳಲ್ಲಿ ಸುರುಳಿಸುತ್ತಿ ಉದುರಿತು. ಚಕ್ರವರ್ತಿಯ ಮುಖ್ಯ ಸಮಾಧಿಯನ್ನ ಇವತ್ತಿಗೂ ತೆರೆಯದೇ ಇರೋದಕ್ಕೆ ಇದೂ ಒಂದು ಕಾರಣ. ಕಾಪಾಡೋಕೆ ಆಗದಿದ್ದರೆ ಮುಟ್ಟೋದು ಬೇಡ ಅನ್ನೋ ಆ ತಾಳ್ಮೆ ನನಗೆ ಇಷ್ಟವಾಯಿತು. ನಮ್ಮಲ್ಲಿ ನಿಧಿಯಾಸೆಗೆ ಗರ್ಭಗುಡಿಯನ್ನೇ ಅಗೆಯೋರ ಸುದ್ದಿ ಓದಿ ಓದಿ ಸಾಕಾಗಿದೆ.

ಆ ಚಕ್ರವರ್ತಿ ಚಿನ್ ಶಿ ಹುವಾಂಗ್. ಕ್ರಿ.ಪೂ. 221ರಲ್ಲಿ ಚೀನಾವನ್ನ ಒಂದು ಮಾಡಿದವನು. ಗೈಡ್ ಇದನ್ನ ಹೆಮ್ಮೆಯಿಂದ ಹೇಳ್ತಾರೆ. ಪುಸ್ತಕ ಸುಡಿಸಿದ್ದನ್ನ ಮಾತ್ರ ಒಂದೇ ವಾಕ್ಯದಲ್ಲಿ ಮುಗಿಸ್ತಾರೆ. ಸುಮಾರು ನೂರು ವರ್ಷದ ನಂತರ ಬರೆದ ಇತಿಹಾಸಕಾರ ಸಿಮಾ ಚಿಯನ್ ಹೇಳೋ ಪ್ರಕಾರ ಕ್ರಿ.ಪೂ. 213ರಲ್ಲಿ ಆಜ್ಞೆಯಾಯಿತು: ವೈದ್ಯ, ಜ್ಯೋತಿಷ, ಕೃಷಿಯ ಪುಸ್ತಕ ಬಿಟ್ಟು ಜನರ ಕೈಲಿರೋ ಬೇರೆ ಗ್ರಂಥಗಳೆಲ್ಲ ಬೆಂಕಿಗೆ. ಸಮಾಧಿ ಕಟ್ಟೋಕೆ ಏಳು ಲಕ್ಷ ಜನರನ್ನ ಹಚ್ಚಿದ್ದು, ಗುಟ್ಟು ಗೊತ್ತಿದ್ದ ಕುಶಲಕರ್ಮಿಗಳನ್ನ ಒಳಗೇ ಇಟ್ಟು ಬಾಗಿಲು ಮುಚ್ಚಿದ್ದು, ಎಲ್ಲ ಅವನೇ ಬರೆದಿದ್ದು. ಬೊಂಬೆಗಳ ಮೈಮೇಲೆ ಮಾಡಿದವರ ಹೆಸರು ಒತ್ತಿರೋದು ಈಗಲೂ ಕಾಣುತ್ತೆ. ಸನ್ಮಾನಕ್ಕೆ ಅಂದ್ಕೊಂಡ್ರಾ? ಅಲ್ಲ ಸ್ವಾಮಿ, ಕೆಲಸ ಕೆಟ್ಟರೆ ಯಾರನ್ನ ಹಿಡೀಬೇಕು ಅಂತ ಗೊತ್ತಾಗಲಿ ಅಂತ. ಇಷ್ಟೆಲ್ಲ ಮಾಡಿದವನು ಕ್ರಿ.ಪೂ. 210ರಲ್ಲಿ ಸತ್ತ. ನಾಲ್ಕೇ ವರ್ಷದಲ್ಲಿ ವಂಶದ ಆಳ್ವಿಕೆಯೂ ಮುಗೀತು.

ನಂತರ ಊಟ, ಬೊಂಬೆ ಮಾರೋ 'ಫ್ಯಾಕ್ಟರಿ', ಮಿಂಗ್ ಕಾಲದ ಕೋಟೆಗೋಡೆ. ಕೊನೆಗೆ, ಎಲ್ಲರ ಕಾಲೂ ಸೋತ ಮೇಲೆ, ದೊಡ್ಡ ಕಾಡುಬಾತು ಗೋಪುರ. ಅದಕ್ಕೆ ಸಿಕ್ಕಿದ್ದು ಅರ್ಧ ಗಂಟೆ. ನನ್ನನ್ನ ಕೇಳಿದರೆ ಇಡೀ ದಿನ ಕೊಡಬೇಕಾಗಿದ್ದು ಇದಕ್ಕೇ.

ಯಾಕೆ ಅಂದ್ರೆ ಇದು ಹ್ಯೂಯೆನ್ ತ್ಸಾಂಗ್‌ನ ಗೋಪುರ. ಶಾಲೆಯಲ್ಲಿ 'ಚೀನೀ ಯಾತ್ರಿಕ' ಅಂತ ಎರಡು ಅಂಕಕ್ಕೆ ಓದಿದ್ವಲ್ಲ, ಅವನೇ. ದೇಶ ಬಿಡಬಾರದು ಅನ್ನೋ ಆಜ್ಞೆ ಮೀರಿ, ಕದ್ದು ಹೊರಟವನು. ಹದಿನಾರು ಹದಿನೇಳು ವರ್ಷ ಸುತ್ತಿ 645ರಲ್ಲಿ 657 ಗ್ರಂಥ ಹೊತ್ತು ವಾಪಸ್ ಬಂದ. ಕದ್ದು ಹೋದವನನ್ನ ಊರೇ ಸ್ವಾಗತಿಸಿತು. ಅವನು ತಂದ ಗ್ರಂಥ, ವಿಗ್ರಹಗಳನ್ನ ಇಡೋಕೆ 652ರಲ್ಲಿ ಕಟ್ಟಿಸಿದ್ದು ಈ ಗೋಪುರ. ಒಂದು ಕಾಲದಲ್ಲಿ ಪುಸ್ತಕ ಸುಟ್ಟ ಅದೇ ಸೀಮೆಯಲ್ಲಿ!

ಈಗ ನಮ್ಮ ವಿಷಯಕ್ಕೆ ಬರೋಣ. ಈ ಭಿಕ್ಷು ಸುಮಾರು 641ರಲ್ಲಿ ದಖ್ಖನ್‌ಗೆ ಬಂದಿದ್ದ. ಅವನು 'ಮಹಾರಾಷ್ಟ್ರ' ಅಂತ ಕರೆದ ಆ ರಾಜ್ಯದ ದೊರೆ ನಮ್ಮ ಚಾಲುಕ್ಯ ಇಮ್ಮಡಿ ಪುಲಕೇಶಿ. ಇಲ್ಲಿನ ಜನ ಉಪಕಾರ ಮರೆಯಲ್ಲ, ಅಪಕಾರವನ್ನೂ ಮರೆಯಲ್ಲ ಅಂತ ಬರೆದ. ಸೋತು ಬಂದ ಸೇನಾಪತಿಗೆ ಬೇರೆ ಶಿಕ್ಷೆಯಿಲ್ಲ, ಹೆಂಗಸರ ಉಡುಪು ಕೊಡ್ತಾರೆ ಅಂದ. ಯುದ್ಧಕ್ಕೆ ಮೊದಲು ಆನೆಗಳಿಗೂ ಕುಡಿಸ್ತಾರೆ ಅಂತಲೂ ಬರೆದಿಟ್ಟ. ಮುಖ್ಯ ಮಾತು ಇದು: ಹರ್ಷವರ್ಧನ ಸುತ್ತಲ ದೇಶಗಳನ್ನ ಗೆದ್ದರೂ ಈ ಜನರನ್ನ ಬಗ್ಗಿಸೋಕೆ ಆಗಲಿಲ್ಲ.

ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ ರವಿಕೀರ್ತಿ 634ರ ಹೊತ್ತಿಗೇ ಇದನ್ನ ಹೇಳಿದ್ದ, ನಿಜ. ಆದರೆ ಅವನು ಆಸ್ಥಾನದ ಕವಿ, ಒಡೆಯನನ್ನ ಹೊಗಳೋನು. ಪತ್ರಕರ್ತನಾಗಿ ನಾನಾದ್ರೆ ಎರಡನೇ ಮೂಲ ಕೇಳ್ತಿದ್ದೆ. ಆ ಎರಡನೇ ಮೂಲ ಈ ಭಿಕ್ಷು. ಅವನೋ ಹರ್ಷನ ಆತಿಥ್ಯ ಉಂಡವನು, ಹರ್ಷನನ್ನ ಮೆಚ್ಚಿದವನು. ಆದರೂ ಹರ್ಷನಿಗೆ ಆಗದೇ ಹೋದದ್ದನ್ನ ಮುಚ್ಚಿಡಲಿಲ್ಲ. ಅವನು ನೋಡಿ ಹೋದ ಒಂದೆರಡು ವರ್ಷದಲ್ಲೇ, 642ರ ಸುಮಾರಿಗೆ, ಪಲ್ಲವರ ನರಸಿಂಹವರ್ಮ ಬಾದಾಮಿಗೆ ನುಗ್ಗಿದ, ಪುಲಕೇಶಿಯ ಕಥೆ ಮುಗೀತು. 646ರಲ್ಲಿ ಚಾಂಗಾನ್‌ನಲ್ಲಿ ಆ ಪ್ರವಾಸದ ಬರಹ ಸಿದ್ಧವಾಯಿತು. ಅದರಲ್ಲಿ ಪುಲಕೇಶಿ ಇನ್ನೂ ಸಿಂಹಾಸನದ ಮೇಲೇ ಇದ್ದಾನೆ.