ನಾಸ್‌ಗೆ ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿದರೆ ಫೋಟೊಗಳು ಸೇಫ್ ಆಗುತ್ತವೆಯೇ?

“ನಾಸ್‌ಗೆ ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿಬಿಡಿ. ಜಾಗವೂ ಡಬಲ್, ಡೇಟಾನೂ ಸೇಫ್.” ಇಂತಹ ಸಲಹೆ ನಿಮಗೂ ಬಂದಿರಬಹುದು. ಮದುವೆ ಫೋಟೊ ಕೂಡಿಡುವ ಜಮಖಂಡಿಯ ಸ್ಟುಡಿಯೊ ಇರಲಿ, ಸೀರೆಯ ಡಿಸೈನ್ ಫೈಲ್‌ಗಳನ್ನು ಕಾಪಾಡಬೇಕಾದ ರಬಕವಿ-ಬನಹಟ್ಟಿಯ ನೇಕಾರರಿರಲಿ, ಮೊಮ್ಮಕ್ಕಳ ವಿಡಿಯೊ ತುಂಬಿಟ್ಟ ಬೀಳಗಿಯ ಮನೆಯಿರಲಿ, ಇದನ್ನು ನಂಬುವ ಮುನ್ನ ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ನಾಸ್ ಎಂದರೇನು?

ಮನೆಯ ವೈ-ಫೈ ರೂಟರ್‌ಗೆ ಜೋಡಿಸುವ, ಒಳಗೆ ಹಾರ್ಡ್ ಡಿಸ್ಕ್‌ಗಳಿರುವ ಪುಟ್ಟ ಪೆಟ್ಟಿಗೆ. ಮನೆಯವರೆಲ್ಲರ ಮೊಬೈಲ್, ಕಂಪ್ಯೂಟರ್‌ಗಳ ಫೈಲ್‌ಗಳನ್ನು ಇದರಲ್ಲಿ ಒಂದೇ ಕಡೆ ಇಡಬಹುದು.

ಜಾಗ ಡಬಲ್ ಆಗುತ್ತದೆಯೇ?

ಅದು ಡಿಸ್ಕ್‌ಗಳನ್ನು ಜೋಡಿಸುವ ರೀತಿಯ ಮೇಲೆ ನಿಂತಿದೆ. ಈ ಜೋಡಣೆಗೆ ‘ರೈಡ್’ ಎನ್ನುತ್ತಾರೆ. 4 ಟಿಬಿ ಡಿಸ್ಕ್‌ಗಳ ಲೆಕ್ಕ ನೋಡಿ:

• ರೈಡ್ 0: 2 ಡಿಸ್ಕ್‌ಗೆ 8 ಟಿಬಿ ಜಾಗ. ಒಂದು ಕೆಟ್ಟರೂ ಎಲ್ಲವೂ ಹೋಯಿತು.
• ರೈಡ್ 1: 2 ಡಿಸ್ಕ್‌ಗೆ 4 ಟಿಬಿ ಮಾತ್ರ. ಎರಡರಲ್ಲೂ ಒಂದೇ ನಕಲು ಇರುವುದರಿಂದ ಒಂದು ಕೆಟ್ಟರೂ ಡೇಟಾ ಉಳಿಯುತ್ತದೆ.
• ರೈಡ್ 5: 3 ಡಿಸ್ಕ್‌ಗೆ 8 ಟಿಬಿ, 4 ಡಿಸ್ಕ್‌ಗೆ 12 ಟಿಬಿ. ಒಂದು ಕೆಟ್ಟರೆ ತಡೆದುಕೊಳ್ಳುತ್ತದೆ.
• ರೈಡ್ 6: 4 ಡಿಸ್ಕ್‌ಗೆ 8 ಟಿಬಿ. ಎರಡು ಕೆಟ್ಟರೂ ತಡೆದುಕೊಳ್ಳುತ್ತದೆ.

ಅಂದರೆ ಎರಡೇ ಡಿಸ್ಕ್ ಇದ್ದಾಗ ‘ಡಬಲ್’ ಮತ್ತು ‘ಸೇಫ್’ ಒಟ್ಟಿಗೆ ಸಿಗುವುದಿಲ್ಲ. ಇನ್ನೊಂದು ಮಾತು: ಸಾಮಾನ್ಯ ರೈಡ್ 5ರಲ್ಲಿ ಎರಡು 4 ಟಿಬಿ ಡಿಸ್ಕ್ ಜೊತೆ ಒಂದು 8 ಟಿಬಿ ಹಾಕಿದರೆ, ದೊಡ್ಡದರಲ್ಲಿ 4 ಟಿಬಿ ಮಾತ್ರ ಬಳಕೆಯಾಗುತ್ತದೆ.

ಡಿಸ್ಕ್ ಹೆಚ್ಚಿದ್ದರೆ ಡೇಟಾ ಸುರಕ್ಷಿತವೇ?

ರೈಡ್ ಕಾಪಾಡುವುದು ಡಿಸ್ಕ್ ಕೆಟ್ಟಾಗ ಮಾತ್ರ. ನೀವೇ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದು ಎಲ್ಲ ಡಿಸ್ಕ್‌ಗಳಿಂದಲೂ ಅಳಿಯುತ್ತದೆ. 2022ರಲ್ಲಿ ‘ಡೆಡ್‌ಬೋಲ್ಟ್’ ಎಂಬ ರ‍್ಯಾನ್ಸಮ್‌ವೇರ್ ಇಂಟರ್ನೆಟ್‌ಗೆ ತೆರೆದಿದ್ದ ನಾಸ್‌ಗಳಿಗೆ ನುಗ್ಗಿ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತ್ತು. ಅಲ್ಲಿ ಡಿಸ್ಕ್ ಎಷ್ಟಿದ್ದರೂ ಉಪಯೋಗವಿಲ್ಲ.

ನಮ್ಮ ಭಾಗದವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ನದಿಗಳು ಉಕ್ಕಿದಾಗ ಜಮಖಂಡಿ, ಮುಧೋಳ ಕಡೆಯ ನದಿದಂಡೆಯ ಊರುಗಳಲ್ಲಿ ಮನೆಗಳಿಗೆ ನೀರು ನುಗ್ಗಿತು. ಅಂತಹ ನೀರಿನಲ್ಲಿ ಪೆಟ್ಟಿಗೆ ಮುಳುಗಿದರೆ ಒಳಗಿನ ಡಿಸ್ಕ್ ಎರಡಿದ್ದರೂ ಎಂಟಿದ್ದರೂ ಒಟ್ಟಿಗೇ ಮುಳುಗುತ್ತವೆ.

ಹೊಸ ಡಿಸ್ಕ್ ಹಾಕುವ ಮುನ್ನ

1. ಮೊದಲು ಇರುವ ಡೇಟಾವನ್ನು ಬೇರೊಂದು ಡಿಸ್ಕ್‌ಗೆ ಕಾಪಿ ಮಾಡಿ, ಕೆಲವು ಫೈಲ್ ತೆರೆದು ನೋಡಿ.
2. ಫೋಟೊಗಳಿರುವ ಹಳೆಯ ಡಿಸ್ಕ್ ಅನ್ನು ಹಾಗೆಯೇ ನಾಸ್ ಒಳಗೆ ಸೇರಿಸಬೇಡಿ. ಜೋಡಿಸುವಾಗ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ.
3. ನಿಮ್ಮ ಮಾದರಿಗೆ ಯಾವ ಡಿಸ್ಕ್ ಹೊಂದುತ್ತದೆ ಎಂಬ ಪಟ್ಟಿಯನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿ.
4. ಯುಪಿಎಸ್ ಇರಲಿ. ರೈಡ್ ವಿಸ್ತರಣೆಗೆ ಹಲವು ಗಂಟೆ, ಕೆಲವೊಮ್ಮೆ ದಿನಗಳೇ ಬೇಕು. ನಡುವೆ ಕರೆಂಟ್ ಹೋದರೆ ಅಪಾಯ.
5. ಈ ಕೆಲಸದಲ್ಲಿ ಹಳೆಯ ಡಿಸ್ಕ್‌ಗಳ ಮೇಲೂ ಭಾರ ಬೀಳುತ್ತದೆ. ಅವುಗಳ ಆರೋಗ್ಯವನ್ನು ನಾಸ್‌ನ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಪರೀಕ್ಷಿಸಿ.

ನಮ್ಮ ತೀರ್ಮಾನ: ಅರ್ಧ ಸತ್ಯ

ಹೆಚ್ಚು ಡಿಸ್ಕ್ ಹಾಕಿದರೆ ಜಾಗ ಹೆಚ್ಚಬಹುದು, ಒಂದು ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಿರಬಹುದು. ಆದರೆ ಅದು ಬ್ಯಾಕಪ್ ಅಲ್ಲ. ಬ್ಯಾಕಪ್‌ಗೆ 3-2-1 ಸೂತ್ರ ನೆನಪಿಡಿ: 3 ಪ್ರತಿ, 2 ಬೇರೆ ಬೇರೆ ಸಾಧನ, ಅದರಲ್ಲಿ 1 ಪ್ರತಿ ಬೇರೆ ಊರಲ್ಲಿ. ಮುಧೋಳದ ಮನೆಯ ಡೇಟಾದ ಒಂದು ಡಿಸ್ಕ್ ವಿಜಯಪುರದ ಅಕ್ಕನ ಮನೆಯ ಕಪಾಟಿನಲ್ಲಿದ್ದರೂ ಸಾಕು. ತಿಂಗಳಿಗೊಮ್ಮೆ ಹೊಸ ಫೈಲ್‌ಗಳನ್ನು ಅದಕ್ಕೆ ಸೇರಿಸಲು ಮಾತ್ರ ಮರೆಯಬೇಡಿ.